ಸ್ಟ್ರಾಬೆರಿ ಜಾಮಿಗೆ ಪೇರಲೆಯ ಜಾಮೀನು

ಕಡಹಿನಬೈಲಿನಲ್ಲಿ ಸ್ಟ್ರಾಬೆರಿ ಬೆಳೆಯುವುದಿಲ್ಲ. ನರಸಿಂಹರಾಜಪುರದ ಈ ಭಾಗದಲ್ಲಿ ತೋಟ ಎಂದರೆ ಅಡಿಕೆ, ಅಡಿಕೆಗೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ. ಗುಡ್ಡದ ಮೇಲೆ ರಬ್ಬರ್, ಅನಾನಸ್. ಹಿತ್ತಿಲಿನಲ್ಲಿ ಯಾರೂ ನೆಟ್ಟ ನೆನಪಿಲ್ಲದ ಪೇರಲೆ, ಹೆರಳೆ, ಹಲಸು. ಸ್ಟ್ರಾಬೆರಿ ನಮ್ಮಲ್ಲಿಗೆ ನೆಂಟರ ಹಾಗೆ ಬರುತ್ತದೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಅದರ ಕಾಲ ಡಿಸೆಂಬರ್‌ನಿಂದ ಮಾರ್ಚ್. ಅದೇ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು: ಅಂಗಳದ ತುಂಬ ಗೊನೆ, ಸುಲಿಯುವವರಿಗೆ ಹೊತ್ತುಹೊತ್ತಿಗೆ ಕಾಫಿ, ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ. ಇಂಥ ಗಡಿಬಿಡಿಯ ಒಂದು ಜನವರಿಯಲ್ಲಿ ಪುಣೆಯಲ್ಲಿರುವ ಅಣ್ಣನ ಮಗ ಮಹಾಬಳೇಶ್ವರದ ಸ್ಟ್ರಾಬೆರಿ ಎರಡು ಕಿಲೋ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿದ ಹಣ್ಣು. ತಳದ ಪದರ ಆಗಲೇ ನೀರೊಡೆದಿತ್ತು. ತಿನ್ನುವಷ್ಟು ತಿಂದು, ಉಳಿದದ್ದು ಜಾಮ್ ಮಾಡಿದರಾಯಿತು ಎಂದೆ.

ಆಮೇಲೆ ಹನ್ನೆರಡು ಚಳಿಗಾಲ ಕಳೆದಿವೆ. ಈಗ ಹಣ್ಣು ಶಿವಮೊಗ್ಗದ ಮಾರುಕಟ್ಟೆಯಿಂದ ಬರುತ್ತದೆ, ಎಂಟು-ಹತ್ತು ಹಣ್ಣು ಹಿಡಿಯುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ಮಹಾಬಳೇಶ್ವರ ಕೃಷ್ಣೆ ಹುಟ್ಟುವ ಊರು. ನಮ್ಮ ಭದ್ರೆಯೂ ತುಂಗೆಯ ಜೊತೆಗೂಡಿ ಕೊನೆಗೆ ಸೇರುವುದು ಆ ಕೃಷ್ಣೆಯನ್ನೇ. ಹಾಗಾಗಿ ಈ ನೆಂಟಸ್ತಿಕೆ ತೀರಾ ದೂರದ್ದೇನಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಮುಂದೆ ಬರೆದದ್ದೆಲ್ಲ ಕೆಡಿಸಿ ಕಲಿತದ್ದು.

1. ಹಣ್ಣು, ಸಕ್ಕರೆ, ಬೆಂಕಿ ಮೂರೇ ಇದ್ದರೆ ಆಗುವುದು ಶರಬತ್ತು.

ಮೊದಲ ಸಲ ನಾನು ಮಾಡಿದ್ದು ಅಷ್ಟೆ. ಹಣ್ಣು ಕಿವುಚಿ, ಸಮಸಮ ಸಕ್ಕರೆ ಸುರಿದು ಒಲೆಯ ಮೇಲಿಟ್ಟೆ. ಅರ್ಧ ಗಂಟೆ ಕುದಿಯಿತು. ಕೆಂಪಗೆ, ಘಮಘಮ ಅನ್ನುತ್ತಿತ್ತು. ಆರಿದ ಮೇಲೆ ನೋಡಿದರೆ ಬಾಟಲಿ ಬಗ್ಗಿಸಿದ ಕಡೆಗೆ ಹರಿಯುವ ಪಾನಕ. ಗಟ್ಟಿಯಾಗಲಿ ಎಂದು ಮತ್ತೆ ಒಲೆಗೆ ಹಾಕಿದೆ. ಇನ್ನೊಂದು ಮುಕ್ಕಾಲು ಗಂಟೆ. ಈ ಸಲ ಕೆಂಪು ಹೋಗಿ ಕಂದು ಬಂತು, ಸ್ಟ್ರಾಬೆರಿಯ ವಾಸನೆ ಹೋಗಿ ಸುಟ್ಟ ಸಕ್ಕರೆಯ ವಾಸನೆ ಬಂತು. ಅತ್ತೆ ಒಂದು ಬೆರಳು ನೆಕ್ಕಿ ನೋಡಿ, "ಜೋನಿಬೆಲ್ಲ ಚೆನ್ನಾಗಿದೆ, ಯಾವ ಆಲೆಮನೆಯದ್ದು?" ಎಂದರು. ವ್ಯಂಗ್ಯವೋ ನಿಜವಾಗಿಯೂ ಕೇಳಿದ್ದೋ, ಅವರ ಮುಖದಲ್ಲಿ ಗೊತ್ತಾಗುವುದಿಲ್ಲ.

ಜಾಮ್ ಹೆಪ್ಪುಗಟ್ಟುವುದು ಪೆಕ್ಟಿನ್‌ನಿಂದ. ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪದಾರ್ಥ ಅದು. ಅದು ಬಲೆ ಹೆಣೆಯಬೇಕಾದರೆ ಹುಳಿಯೂ ಬೇಕು, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವಷ್ಟು ಸಕ್ಕರೆಯೂ ಬೇಕು. ಸ್ಟ್ರಾಬೆರಿಯಲ್ಲಿ ಹುಳಿ ಒಂದು ಮಟ್ಟಿಗೆ ಇದೆ, ಪೆಕ್ಟಿನ್ ಕಡಿಮೆ. ಇದ್ದ ಅಷ್ಟಿಷ್ಟನ್ನೂ ನಾನು ಎರಡನೇ ಸಲದ ಕುದಿಯಲ್ಲಿ ಮುರಿದು ಹಾಕಿದ್ದೆ: ಹುಳಿಯಲ್ಲಿ ಬಹಳ ಹೊತ್ತು ಕುದಿದರೆ ಪೆಕ್ಟಿನ್‌ನ ಎಳೆ ತುಂಡಾಗುತ್ತದೆ. ಗಟ್ಟಿಯಾಗಲಿ ಎಂದು ಕುದಿಸಿದಷ್ಟೂ ಅದು ಗಟ್ಟಿಯಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು. ಕೊನೆಗೆ ಮಂದವಾದದ್ದು ಬರೀ ಪಾಕ.

2. ನೆಂಟರಿಗೆ ಇಲ್ಲದ್ದನ್ನು ಹಿತ್ತಿಲು ಕೊಡಬೇಕು.

ಪೇಟೆಯಲ್ಲಿ ಪೆಕ್ಟಿನ್ ಪುಡಿ ಸಿಗುತ್ತದೆ. ಒಂದು ವರ್ಷ ಅದನ್ನೂ ತರಿಸಿ ಹಾಕಿದೆ. ಜಾಮ್ ರಬ್ಬರ್ ಹಾಲು ಹೆಪ್ಪುಗಟ್ಟಿದ ಹಾಗೆ ನಿಂತಿತು. ಚಮಚೆಯಲ್ಲಿ ತೆಗೆದರೆ ತುಂಡಾಗಿ ಬರುತ್ತಿತ್ತು. ತಪ್ಪು ನನ್ನದೇ, ಹೆಚ್ಚು ಹಾಕಿದ್ದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಹಿತ್ತಿಲ ಪೇರಲೆ ಮರದಲ್ಲಿ ಬಾವಲಿ ತಿಂದು ಉಳಿಸಿದ ಕಾಯಿ ಬೇಕಾದಷ್ಟು ಇರುವಾಗ ಆ ಪುಡಿ ಏಕೆ ಬೇಕಿತ್ತು ಎಂದು ಈಗ ನಗು ಬರುತ್ತದೆ. ಪೇರಲೆಯಲ್ಲಿ ಪೆಕ್ಟಿನ್ ಧಾರಾಳ. ನಾಟಿ ಪೇರಲೆ, ಅದೂ ದೋರೆಗಾಯಿ ಆಗಬೇಕು. ಮೆತ್ತಗೆ ಹಣ್ಣಾದದ್ದರಲ್ಲಿ ಪೆಕ್ಟಿನ್ ಆಗಲೇ ಕರಗಿ ಹೋಗಿರುತ್ತದೆ. ಹಣ್ಣು ಮೆತ್ತಗಾಗುವುದೇ ಅದು ಕರಗುವುದರಿಂದ.

ಅರ್ಧ ಕಿಲೋ ಪೇರಲೆಯನ್ನು ಬೀಜ ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚುತ್ತೇನೆ. ಮುಕ್ಕಾಲು ಲೀಟರ್ ನೀರು, ಅರ್ಧ ಲಿಂಬೆಯ ರಸ. ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಹೋಳು ಕೈಯಲ್ಲಿ ಹಿಸುಕಿದರೆ ಕರಗಬೇಕು. ಆಮೇಲೆ ಹಳೆಯ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಾಗಿಲ ಚಿಲಕಕ್ಕೆ ನೇತು ಹಾಕಿ, ಕೆಳಗೆ ಪಾತ್ರೆ ಇಟ್ಟು ಬಿಡುವುದು. ಹಿಂಡಬಾರದು. ಹಿಂಡಿದರೆ ತಿರುಳೂ ಬಂದು ಜಾಮ್ ಮಬ್ಬಾಗುತ್ತದೆ, ಜೊತೆಗೆ ಪೇರಲೆಯ ವಾಸನೆ ಸ್ಟ್ರಾಬೆರಿಯನ್ನು ತುಳಿಯುತ್ತದೆ. ತೊಟ್ಟಿಕ್ಕಿ ಇಳಿಯುವ ನೀರು ಮುಟ್ಟಿದರೆ ಬೆರಳಿಗೆ ಲೋಳೆಯಾಗಿ ತಾಗುತ್ತದೆ. ಒಂದು ಕಿಲೋ ಸ್ಟ್ರಾಬೆರಿಗೆ ಇದರಲ್ಲಿ 200 ಮಿಲಿ ಸಾಕು.

ಪೇರಲೆ ಇಲ್ಲದ ವರ್ಷ ಹೆರಳೆಕಾಯಿ. ಅದರ ರಸ ಚಿತ್ರಾನ್ನಕ್ಕೆ, ಗೊಜ್ಜಿಗೆ ಹೋಗುತ್ತದೆ. ಬೀಜ ಮತ್ತು ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ನಾನು ಕೇಳಿ ಇಸಿದುಕೊಳ್ಳುತ್ತೇನೆ. ಬೀಜವನ್ನು ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕಾಮಕಸ್ತೂರಿ ಬೀಜ ನೆನೆದ ಹಾಗೆ ಸುತ್ತ ಲೋಳೆ ಕಟ್ಟಿರುತ್ತದೆ. ಅದೆಲ್ಲ ಪೆಕ್ಟಿನ್ನೇ. ಕಹಿ ಮಾತ್ರ ಸ್ವಲ್ಪ ನುಸುಳುತ್ತದೆ. ಹಲಸಿನ ಸಾರೆಯಲ್ಲೂ ಪೆಕ್ಟಿನ್ ತುಂಬ ಇದೆ, ಆದರೆ ಹಲಸು ಹಣ್ಣಾಗುವ ಹೊತ್ತಿಗೆ ಸ್ಟ್ರಾಬೆರಿ ಊರು ಬಿಟ್ಟಿರುತ್ತದೆ. ಈ ಎರಡಕ್ಕೂ ಕಾಲ ಕೂಡಿ ಬರದು.

ಪೆಕ್ಟಿನ್ ಎಷ್ಟಿದೆ ಎಂದು ನೋಡುವ ಉಪಾಯ ಒಂದಿದೆ. ಆರಿದ ಪೇರಲೆ ನೀರು ಒಂದು ಚಮಚ, ಅದಕ್ಕೆ ಗಾಯ ಒರೆಸುವ ಸ್ಪಿರಿಟ್ ಎರಡು-ಮೂರು ಚಮಚ ಗಾಜಿನ ಲೋಟದಲ್ಲಿ ಹಾಕಿ ಮೆಲ್ಲಗೆ ಅಲುಗಿಸುವುದು. ಒಂದು ನಿಮಿಷದಲ್ಲಿ ಒಂದೇ ಉಂಡೆಯಾಗಿ ಕಟ್ಟಿದರೆ ಗಟ್ಟಿ ಆಸಾಮಿ. ಚೂರುಚೂರಾದರೆ ಉಳಿದ ಪೇರಲೆ ನೀರನ್ನು ಇನ್ನಷ್ಟು ಕುದಿಸಿ ಇಂಗಿಸಬೇಕು. ಲೋಟದಲ್ಲಿದ್ದದ್ದನ್ನು ಕೂಡಲೇ ಚೆಲ್ಲಿಬಿಡಿ. ಸ್ಪಿರಿಟ್ ವಿಷ, ನೆಕ್ಕಿ ನೋಡುವ ಚಪಲ ಬೇಡ.

3. ಎಲ್ಲ ಹಣ್ಣೂ ಕೆಂಪಗಿರಬಾರದು.

ಸ್ಟ್ರಾಬೆರಿ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಮಾವಿನಂತೆ ಹುಲ್ಲಿನಲ್ಲಿ ಹಾಕಿ ಕಾಯುವಂತಿಲ್ಲ; ಕಾದರೆ ಬೂಷ್ಟು ಬರುತ್ತದೆ, ಸಿಹಿ ಬರುವುದಿಲ್ಲ. ಹೆಗಲ ಬಳಿ ಬಿಳಿ ಇರುವ ಹಣ್ಣನ್ನು ತಿನ್ನುವವರು ಬದಿಗಿಡುತ್ತಾರೆ, ನಾನು ಅದನ್ನೇ ಕಾಲು ಭಾಗದಷ್ಟು ಹುಡುಕಿ ಹಾಕುತ್ತೇನೆ: ಹುಳಿ ಹೆಚ್ಚು, ಪೆಕ್ಟಿನ್ನೂ ಹೆಚ್ಚು. ತೊಳೆಯುವುದು ತೊಟ್ಟು ತೆಗೆಯುವ ಮೊದಲು. ತೊಟ್ಟು ಕಿತ್ತು ತೊಳೆದರೆ ಗಾಯದ ಬಾಯಲ್ಲಿ ನೀರು ಕುಡಿಯುತ್ತದೆ, ಆ ನೀರನ್ನು ಆಮೇಲೆ ನೀವೇ ಒಲೆಯ ಮುಂದೆ ನಿಂತು ಇಂಗಿಸಬೇಕು.

4. ಮಿಡಿಗೆ ಉಪ್ಪು, ಸ್ಟ್ರಾಬೆರಿಗೆ ಸಕ್ಕರೆ.

ಹಣ್ಣು ಇಡಿಯಾಗಿ ಉಳಿಯಬೇಕೆಂಬ ಆಸೆ ನನಗೆ ಮೂರನೇ ವರ್ಷ ಹುಟ್ಟಿತು. ಕಿವುಚಿ ಮಾಡಿದ್ದು ಜಾಮ್; ಹಣ್ಣು ಹಣ್ಣಾಗಿಯೇ ಪಾಕದಲ್ಲಿ ಕೂತದ್ದು ಪ್ರಿಸರ್ವ್, ನಮ್ಮ ಮುರಬ್ಬದ ತಂಗಿ. ಇಡೀ ಹಣ್ಣನ್ನು ನೇರ ಕುದಿಯುವ ಪಾಕಕ್ಕೆ ಹಾಕಿದರೆ ಒಡೆದು ಗೊಜ್ಜಾಗುತ್ತಿತ್ತು. ಒಡೆಯದೆ ಉಳಿದದ್ದು ಒಳಗೆ ಹಸಿ, ಹೊರಗೆ ಸುಕ್ಕು.

ಉತ್ತರ ಸಿಕ್ಕಿದ್ದು ಮಾರ್ಚ್‌ನಲ್ಲಿ, ಅತ್ತೆ ಅಪ್ಪೆಮಿಡಿ ಉಪ್ಪಿಗೆ ಹಾಕುವಾಗ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಎರಡು ದಿನಕ್ಕೆ ಮಿಡಿ ತನ್ನ ನೀರನ್ನೇ ಬಿಟ್ಟು ಅದರಲ್ಲೇ ಮುಳುಗುತ್ತದೆ, ಸುಕ್ಕಾಗುತ್ತದೆ, ಆಮೇಲೆ ಎಷ್ಟು ಕಾಲ ಇಟ್ಟರೂ ಕರುಂ ಅನ್ನುತ್ತದೆ. ಒಂದು ಹನಿ ನೀರು ಹಾಕಿಲ್ಲವಲ್ಲ ಅತ್ತೆ, ಇಷ್ಟು ನೀರು ಎಲ್ಲಿಂದ ಬಂತು ಎಂದು ಕೇಳಿದೆ. "ಮಿಡಿ ಹೆದರಿ ಬೆವರಿತು" ಎಂದರು. ಮಿಡಿಯ ಒಳಗಿನ ತೆಳು ರಸವನ್ನು ಹೊರಗಿನ ಉಪ್ಪು ಎಳೆಯುತ್ತದೆ. ಸಕ್ಕರೆಯೂ ಮಾಡುವುದು ಅದನ್ನೇ.

ಮರು ಚಳಿಗಾಲದಿಂದ ನನ್ನ ಕ್ರಮ ಹೀಗೆ. ಒಂದು ಕಿಲೋ ಹಣ್ಣು, 750 ಗ್ರಾಂ ಸಕ್ಕರೆ. ದೊಡ್ಡ ಹಣ್ಣಾದರೆ ಎರಡು ಹೋಳು, ಸಣ್ಣದಾದರೆ ಇಡೀ. ಸ್ಟೀಲ್ ಪಾತ್ರೆಯಲ್ಲಿ ಪದರ ಪದರವಾಗಿ ಹಾಕಿ, ಎರಡು ಲಿಂಬೆಯ ರಸ ಹಿಂಡಿ, ಮುಚ್ಚಿ ರಾತ್ರಿ ಇಡುವುದು. ಪಾತ್ರೆಯ ಕೆಳಗೆ ಅಗಲ ತಟ್ಟೆ, ತಟ್ಟೆಯಲ್ಲಿ ನೀರು. ಆ ಕಂದಕ ಇಲ್ಲದಿದ್ದರೆ ಬೆಳಿಗ್ಗೆ ನಿಮಗಿಂತ ಮೊದಲು ಇರುವೆಗಳು ಎದ್ದಿರುತ್ತವೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಣ್ಣು ಕುಗ್ಗಿ, ಮಾಣಿಕ್ಯದ ಬಣ್ಣದ ರಸದಲ್ಲಿ ತೇಲುತ್ತಿರುತ್ತದೆ. ತಳದಲ್ಲಿ ಕರಗದ ಸಕ್ಕರೆ ಒಂದಿಷ್ಟು. ಹಣ್ಣನ್ನು ಸೋಸಿ ತೆಗೆದಿಟ್ಟು, ರಸವನ್ನಷ್ಟೇ ಪೇರಲೆ ನೀರಿನ ಜೊತೆ ಬಿಸಿಗಿಡಬೇಕು. ಸಕ್ಕರೆ ಪೂರ್ತಿ ಕರಗುವ ತನಕ ಸಣ್ಣ ಉರಿ. ಕರಗಿದ ಮೇಲೆ ಉರಿ ಜೋರು, ಹತ್ತು ನಿಮಿಷ. ರಸ ಮಂದವಾದ ಮೇಲೆ ಹಣ್ಣನ್ನು ಹಾಕಿ ಮತ್ತೆ ಎಂಟು-ಹತ್ತು ನಿಮಿಷ ಭರ್ರನೆ ಕುದಿಸುವುದು. ಹಣ್ಣು ಬೆಂಕಿ ಕಾಣುವುದು ಅಷ್ಟೇ ಹೊತ್ತು. ಬಣ್ಣ, ವಾಸನೆ, ಆಕಾರ ಮೂರೂ ಉಳಿಯುವುದು ಇದರಿಂದ.

ನೊರೆ ಬಂದರೆ ಕಡಲೆ ಗಾತ್ರದ ತುಪ್ಪ ಬಿಟ್ಟರೆ ಕೂರುತ್ತದೆ.

5. ಜಾಸ್ತಿ ಮಾಡಲು ಹೋಗಬೇಡಿ.

ಐದನೇ ವರ್ಷ ನನಗೆ ಸ್ವಲ್ಪ ಅಹಂಕಾರ ಬಂದಿತ್ತು. ಮಾರ್ಚ್ ಮೊದಲ ವಾರ, ಮಾರುಕಟ್ಟೆಯಲ್ಲಿ ಹಣ್ಣು ಅಗ್ಗ, ಐದು ಕಿಲೋ ತರಿಸಿದೆ. ಹೇಗೂ ಅಡಿಕೆ ಬೇಯಿಸುವ ಒಲೆ ಅಂಗಳದಲ್ಲಿ ಖಾಲಿ ಇದೆ, ಒಂದೇ ಸಲಕ್ಕೆ ಮುಗಿಸೋಣ ಎಂದು ದೊಡ್ಡ ಪಾತ್ರೆ ಏರಿಸಿದೆ. ಪಾತ್ರೆ ಆಳ, ಬಾಯಿ ಸಣ್ಣದು. ಆವಿ ಹೋಗಲು ಜಾಗವಿಲ್ಲ. ಒಂದೂವರೆ ಗಂಟೆ ಕುದಿದರೂ ನೀರು ನೀರೇ. ಅಷ್ಟರಲ್ಲಿ ಯಾರೋ ಒಣ ಅಡಿಕೆ ಸಿಪ್ಪೆ ಒಂದು ಬುಟ್ಟಿ ಒಲೆಗೆ ಸುರಿದರು. ಪಾತ್ರೆ ಹಾಲಿನ ಹಾಗೆ ಉಕ್ಕಿತು. ಕಾಲು ಭಾಗ ಬೂದಿಗೆ, ಒಂದಿಷ್ಟು ನನ್ನ ಮುಂಗೈಗೆ. ಸಕ್ಕರೆ ಪಾಕದ ಸುಟ್ಟ ಗಾಯ ನೀರಿನದ್ದರಂತಲ್ಲ, ಅಂಟಿಕೊಂಡು ಸುಡುತ್ತದೆ. ಕಲೆ ಇನ್ನೂ ಇದೆ. ಉಳಿದದ್ದು ಮತ್ತೆ ಅದೇ ಜೋನಿಬೆಲ್ಲ.

ಒಂದು ಸಲಕ್ಕೆ ಒಂದು ಕಿಲೋ. ಹೆಚ್ಚೆಂದರೆ ಒಂದೂವರೆ. ಐದು ಕಿಲೋ ಇದ್ದರೆ ಐದು ಸಲ ಮಾಡಿ, ಬೇಸರವಾದರೆ ಮೂರು ಕಿಲೋ ನೆರೆಯವರಿಗೆ ಕೊಡಿ.

ಇದಕ್ಕೆ ಪೂರ್ತಿ ವಿರುದ್ಧದ ಕಲೆ ಪಕ್ಕದ ತೋಟದ ಚೇಚಿಯದ್ದು. ಕೇರಳದಿಂದ ಬಂದು ನಮ್ಮ ತಾಲೂಕಿನಲ್ಲಿ ನೆಲೆ ನಿಂತ ಕುಟುಂಬಗಳು ಬಹಳ. ರಬ್ಬರ್, ಅನಾನಸ್ ಇಲ್ಲಿ ಹಬ್ಬಿದ್ದರಲ್ಲಿ ಅವರ ದುಡಿಮೆ ದೊಡ್ಡದು. ಆಕೆ ಮಳೆ ಹಿಡಿಯುವ ಮೊದಲು ಚಕ್ಕ ವರಟ್ಟಿ ಮಾಡುತ್ತಾಳೆ: ಹಲಸಿನ ಹಣ್ಣಿನ ತೊಳೆ, ಬೆಲ್ಲ, ತುಪ್ಪ, ಕಂಚಿನ ಉರುಳಿ, ಮತ್ತು ಅರ್ಧ ದಿನ. ಸಣ್ಣ ಉರಿಯಲ್ಲಿ ತಿರುವಿ ತಿರುವಿ, ಸಟ್ಟುಗ ನೆಟ್ಟಗೆ ನಿಲ್ಲುವ ತನಕ. ವರ್ಷವಿಟ್ಟರೂ ಕೆಡದು. ಅಲ್ಲಿ ಹೆಪ್ಪಿನ ಗೊಡವೆಯೇ ಇಲ್ಲ. ನೀರನ್ನು ಪೂರ್ತಿ ಓಡಿಸುವುದೇ ಕೆಲಸ, ನಿಧಾನವೇ ಅದರ ರುಚಿ. ನನ್ನ ಸ್ಟ್ರಾಬೆರಿಯನ್ನು ನೋಡಿ ಆಕೆ, ಇಷ್ಟು ಬೇಗ ಮುಗಿಯುವುದು ಅಡುಗೆಯೇ ಎಂದು ಕೇಳಿದ್ದಳು.

6. ಪುಸ್ತಕದ 105 ಡಿಗ್ರಿ ಸಮುದ್ರದ ದಡದ್ದು.

ಕೈಯಂದಾಜು ಸಾಕಾಗಿ ಒಂದು ಥರ್ಮಾಮೀಟರ್ ಕೊಂಡೆ. ಎಲ್ಲ ಪುಸ್ತಕಗಳೂ ಹೇಳುವುದು ಒಂದೇ: 105 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಜಾಮ್ ಸಿದ್ಧ. ಮುಟ್ಟಿಸಿದೆ. ಮರುದಿನ ಚಮಚ ಬಾಗಿತು, ಜಾಮ್ ಬಾಗಲಿಲ್ಲ. ಎರಡು ಸಲ ಹೀಗಾದ ಮೇಲೆ ಥರ್ಮಾಮೀಟರ್ ಕೆಟ್ಟಿದೆ ಎಂದು ಬರೀ ನೀರು ಕುದಿಸಿ ಅದ್ದಿ ನೋಡಿದೆ. ಮುಳ್ಳು 98ರ ಹತ್ತಿರ ಬಂದು ನಿಂತಿತು, ಅಲ್ಲಿಂದ ಮೇಲೆ ಹೋಗಲೇ ಇಲ್ಲ.

ಥರ್ಮಾಮೀಟರ್ ಸರಿಯಾಗಿಯೇ ಇತ್ತು, ಎತ್ತರದಲ್ಲಿದ್ದದ್ದು ನಮ್ಮೂರು. ಭದ್ರಾ ಜಲಾಶಯ ತುಂಬಿದಾಗ ಪತ್ರಿಕೆಯಲ್ಲಿ 186 ಅಡಿ ಎಂದು ಬರುತ್ತದಲ್ಲ, ಆ ನೀರಿನ ಮಟ್ಟ ಸಮುದ್ರದಿಂದ ಲೆಕ್ಕ ಹಾಕಿದರೆ ಸುಮಾರು 658 ಮೀಟರ್. ಹಿನ್ನೀರಿನ ದಡದ ನರಸಿಂಹರಾಜಪುರವೂ, ಅದರಾಚೆಯ ನಾವೂ ಅದಕ್ಕಿಂತ ಮೇಲೆ. ಪ್ರತಿ 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಜಾಮ್‌ಗೆ ಬೇಕಾದದ್ದು ನೀರು ಕುದಿಯುವ ಬಿಸಿಗಿಂತ ನಾಲ್ಕೂವರೆ, ಐದು ಡಿಗ್ರಿ ಮೇಲೆ. ಮಂಗಳೂರಿನಲ್ಲಿ ಅದು 105 ಆದರೆ ನಮ್ಮಲ್ಲಿ 102 ದಾಟಿದ ಕೂಡಲೇ ಇಳಿಸಬೇಕು. ನಾನು 105ಕ್ಕೆ ಕಾಯುತ್ತ ಪೆಪ್ಪರಮಿಂಟು ಮಾಡುತ್ತಿದ್ದೆ.

ಥರ್ಮಾಮೀಟರ್ ಇಲ್ಲದವರಿಗೆ ತಟ್ಟೆಯ ಪರೀಕ್ಷೆ ಇದೆ. ಸ್ಟೀಲ್ ತಟ್ಟೆಯನ್ನು ಫ್ರಿಜ್‌ನಲ್ಲಿಟ್ಟು, ಅದರ ಮೇಲೆ ಅರ್ಧ ಚಮಚ ಬಿಟ್ಟು, ಒಂದು ನಿಮಿಷ ಬಿಟ್ಟು ಬೆರಳಲ್ಲಿ ತಳ್ಳಿದರೆ ಹಾಲಿನ ಕೆನೆಯ ಹಾಗೆ ಸುಕ್ಕು ಬೀಳಬೇಕು. ತಟ್ಟೆ ನೋಡುವಾಗ ಒಲೆ ಆರಿಸಿರಿ. ನೀವು ತಟ್ಟೆಯನ್ನು ಮೆಚ್ಚಿಕೊಳ್ಳುತ್ತಿರುವಾಗ ಒಲೆಯ ಮೇಲಿನದು ಮುಂದೆ ಹೋಗಿರುತ್ತದೆ. ಒಂದೆಳೆ ಪಾಕ, ಎರಡೆಳೆ ಪಾಕದ ಲೆಕ್ಕ ಇಲ್ಲಿ ತರಬೇಡಿ, ಅದು ಹೋಳಿಗೆ-ಉಂಡೆಯವರ ಲೆಕ್ಕ. ಅಡಿಕೆಯ ಚೊಗರು ಕಾಯಿಸಿ ಗೊತ್ತಿದ್ದವರಿಗೆ ಗುಳ್ಳೆಯೇ ಹೇಳುತ್ತದೆ: ಮೊದಲು ಸಣ್ಣ ಗುಳ್ಳೆ, ನೊರೆ, ಗಲಾಟೆ; ಆಮೇಲೆ ದೊಡ್ಡ ಗುಳ್ಳೆ, ಹೊಳಪು, ಸೋಮಾರಿತನ.

7. ತಕ್ಕಡಿ ಸುಳ್ಳು ಹೇಳುವುದಿಲ್ಲ.

ಈಗ ನಾನು ಹೆಚ್ಚು ನಂಬುವುದು ತೂಕವನ್ನು. ಒಂದು ಕಿಲೋ ಸ್ಟ್ರಾಬೆರಿಯಲ್ಲಿ ನೀರು ತೆಗೆದರೆ ಉಳಿಯುವುದು ಸುಮಾರು 80 ಗ್ರಾಂ. ಸಕ್ಕರೆ 750. ಒಟ್ಟು 830. ಜಾಮ್‌ನಲ್ಲಿ ಮೂರರಲ್ಲಿ ಎರಡು ಪಾಲು ಇದಿರಬೇಕು, ಒಂದು ಪಾಲು ನೀರು. ಹಾಗಾದರೆ ಇಳಿಸುವಾಗ ಪಾತ್ರೆಯಲ್ಲಿ ಇರಬೇಕಾದದ್ದು ಒಂದೂಕಾಲು ಕಿಲೋ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡರೆ ಮುಗಿಯಿತು. ಪೇರಲೆ ನೀರು ಎಷ್ಟು ಹಾಕಿದರೂ ಅದು ಆವಿಯಾಗಿ ಹೋಗಬೇಕಾದದ್ದೇ, ಈ ಲೆಕ್ಕ ಕದಲದು.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಹೊಳೆಯಿತು. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಲ್ಲಿ ಜಾಮ್ ಎಂದು ಮಾರಬೇಕಾದರೆ ಕರಗಿದ ಘನಾಂಶ ಶೇ. 65ಕ್ಕೆ ಕಡಿಮೆ ಇರಬಾರದು, ಹಣ್ಣು ಶೇ. 45 ಆದರೂ ಇರಬೇಕು. ಸ್ಟ್ರಾಬೆರಿ ಮತ್ತು ರಾಸ್ಪ್‌ಬೆರಿಗೆ ಮಾತ್ರ ರಿಯಾಯಿತಿ: ಶೇ. 25 ಸಾಕು. ಒಂದೂಕಾಲು ಕಿಲೋ ಜಾಮ್‌ಗೆ ಒಂದು ಕಿಲೋ ಹಣ್ಣು ಹಾಕುವ ನಾನು ಶೇ. 80ರ ಲೆಕ್ಕದಲ್ಲಿದ್ದೇನೆ. ಅಂಗಡಿಯ ಸ್ಟ್ರಾಬೆರಿ ಜಾಮ್ ಕೊಳ್ಳುವಾಗ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುವ ಚಟ ನನಗೆ ಹತ್ತಿದ್ದು ಅಂದಿನಿಂದ.

8. ಪಾತ್ರೆ ಸ್ಟೀಲಿನದು, ಅಗಲ, ತಳ ದಪ್ಪ.

ಅಲ್ಯುಮಿನಿಯಂ ಹುಳಿಗೆ ಆಗದು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಂತೂ ಬೇಡವೇ ಬೇಡ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಕೆಂಪು ಕಪ್ಪಿಡುತ್ತದೆ. ಬೆಲ್ಲ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ; ಸುಣ್ಣ ಹಾಕಿ ತೆಗೆದ ಬೆಲ್ಲ ಹುಳಿಯನ್ನು ತಗ್ಗಿಸುತ್ತದೆ, ಹೆಪ್ಪು ಸಡಿಲಾಗುತ್ತದೆ, ಸ್ಟ್ರಾಬೆರಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಬೆಲ್ಲ ಚೇಚಿಯ ಹಲಸಿಗಿರಲಿ.

9. ಹೆಸರಿನಲ್ಲೇ ಅನಾನಸ್ ಇದೆ.

ಹಣ್ಣು ಕಡಿಮೆ ಬಿದ್ದ ಒಂದು ವರ್ಷ, 600 ಗ್ರಾಂ ಸ್ಟ್ರಾಬೆರಿಗೆ 400 ಗ್ರಾಂ ಅನಾನಸ್ ಸಣ್ಣಗೆ ಕೊಚ್ಚಿ ಹಾಕಿದೆ. ಸಂಕೋಚದಿಂದ ಹಾಕಿದ್ದು, ಕಲಬೆರಕೆ ಮಾಡಿದ ಹಾಗೆ. ಬಾಟಲಿ ತೆರೆದಾಗ ಎರಡನ್ನೂ ಬೇರೆ ಮಾಡಿ ಹೇಳಲು ಆಗಲಿಲ್ಲ. ಒಂದರ ವಾಸನೆ ಇನ್ನೊಂದನ್ನು ಎತ್ತಿ ಹಿಡಿದಿತ್ತು.

ಕಾರಣ ಹುಡುಕಿದಾಗ ಸಿಕ್ಕ ಕಥೆ ಇದು. ಇಂದು ನಾವು ತಿನ್ನುವ ಸ್ಟ್ರಾಬೆರಿಯ ಶಾಸ್ತ್ರೀಯ ಹೆಸರು ಫ್ರಗೇರಿಯಾ ಅನನಾಸ್ಸ. ಅನನಾಸ್ಸ ಅಂದರೆ ಅನಾನಸ್ಸೇ. ಕಾಡಿನಲ್ಲಿ ಈ ಹಣ್ಣು ಇರಲಿಲ್ಲ. ಫ್ರೆಜಿಯೆ ಎಂಬ ಫ್ರೆಂಚ್ ಸೇನಾ ಎಂಜಿನಿಯರ್ 1714ರಲ್ಲಿ ಚಿಲಿಯಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಸಸಿಗಳನ್ನು ಹಡಗಿನಲ್ಲಿ ತಂದ. ದಾರಿಯಲ್ಲಿ ಕುಡಿಯುವ ನೀರಿನ ಅಭಾವದಲ್ಲೂ ಐದು ಸಸಿ ಬದುಕಿದವು. ಅವು ಹೆಣ್ಣು ಗಿಡಗಳು, ಹೂ ಬಿಟ್ಟರೂ ಕಾಯಿ ಕಟ್ಟಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯನ್ನು ಪಕ್ಕದಲ್ಲಿ ನೆಟ್ಟಾಗ ಅದರ ಪರಾಗ ಸೋಕಿ ಹೊಸ ಹಣ್ಣು ಹುಟ್ಟಿತು. ಅದು ಈ ಎರಡರ ಮಿಶ್ರತಳಿ ಎಂದು 1766ರಲ್ಲಿ ಬಿಡಿಸಿ ಹೇಳಿದವನು ಸಸ್ಯಶಾಸ್ತ್ರಜ್ಞ ದುಶೆನ್. ಅದರ ಘಮಕ್ಕೆ ಅನಾನಸ್ ನೆನಪಾಗಿ ಆ ಹೆಸರು ಬಂತು. ಫ್ರೆಜಿಯೆ ಎಂಬ ಮನೆತನದ ಹೆಸರೂ ಸ್ಟ್ರಾಬೆರಿಯ ಫ್ರೆಂಚ್ ಹೆಸರಿನಿಂದಲೇ ಬಂದದ್ದು, ಇದಕ್ಕೆ ಏನು ಹೇಳುವುದು.

ಅನಾನಸ್ಸೂ ಇಲ್ಲಿಯದ್ದಲ್ಲ ಬಿಡಿ. ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಕೈಯಲ್ಲಿ ಬಂದದ್ದು. ಪೇರಲೆಯೂ ಆ ಕಡೆಯದೇ. ನಮ್ಮೂರಿನವು ಎಂದು ನಾನು ಜಂಬ ಕೊಚ್ಚುವ ಹಣ್ಣುಗಳಲ್ಲಿ ಈ ಎರಡೂ ಹಿಂದೆ ಯಾವಾಗಲೋ ಸ್ಟ್ರಾಬೆರಿಯ ಹಾಗೆಯೇ ಬಂದಿಳಿದವು. ಅನಾನಸ್ ಹಾಕುವಾಗ ಒಂದು ಎಚ್ಚರ: ಅದರಲ್ಲೂ ಪೆಕ್ಟಿನ್ ಕಡಿಮೆ, ಪೇರಲೆ ನೀರನ್ನು ಕಡಿಮೆ ಮಾಡಬೇಡಿ.

10. ಬಾಟಲಿಯ ಶತ್ರು ಮಳೆ.

ಬಯಲುಸೀಮೆಯವರ ಪಾಕಪುಸ್ತಕದಲ್ಲಿ ಈ ಪಾಠ ಎರಡು ಸಾಲಿನಲ್ಲಿ ಮುಗಿಯುತ್ತದೆ. ಶೃಂಗೇರಿ, ಕೊಪ್ಪ, ನಮ್ಮ ಕಡೆಯವರಿಗೆ ಎರಡು ಸಾಲು ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೆ ಬೂಷ್ಟು, ಪುಸ್ತಕದ ರಟ್ಟಿಗೆ ಬೂಷ್ಟು, ಗೋಡೆಗೆ ಒರಗಿಸಿಟ್ಟ ಮಣೆಗೆ ಬೂಷ್ಟು. ಫೆಬ್ರುವರಿಯಲ್ಲಿ ಮಾಡಿದ ಜಾಮ್ ಆಷಾಢ ದಾಟಬೇಕಾದರೆ ಅದಕ್ಕೆ ಉಸಿರು ಸಿಗಬಾರದು.

ಎರಡನೇ ವರ್ಷ ಆರು ಬಾಟಲಿ ಸಾಲಾಗಿ ಕಪಾಟಿನಲ್ಲಿಟ್ಟಿದ್ದೆ. ಜುಲೈನಲ್ಲಿ ತೆಗೆದರೆ ನಾಲ್ಕರ ಮೇಲೆ ಬೂದುಬಣ್ಣದ ಉಣ್ಣೆ. ಮೇಲಿನದನ್ನು ಕೆರೆದು ತಿನ್ನಬಹುದೇನೋ ಎಂದು ಯೋಚಿಸಿದೆ, ಮನಸ್ಸು ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಒಳ್ಳೆಯದಾಯಿತು, ಬೂಷ್ಟಿನ ಬೇರು ಮತ್ತು ವಿಷ ಎರಡೂ ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತವೆ. ತಪ್ಪಾದದ್ದು ಎರಡು ಕಡೆ. ಜಾಮ್ ಪೂರ್ತಿ ಆರಿದ ಮೇಲೆ ತುಂಬಿದ್ದೆ. ಬಾಟಲಿಯನ್ನು ತೊಳೆದು ಬಟ್ಟೆಯಲ್ಲಿ ಒರೆಸಿದ್ದೆ; ಆ ಬಟ್ಟೆಯೇ ಸಾಕು.

ಈಗ ಬಾಟಲಿ, ಮುಚ್ಚಳಗಳನ್ನು ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ, ಒರೆಸದೆ ಬೋರಲು ಹಾಕಿ ಅದರ ಬಿಸಿಗೇ ಆರಲು ಬಿಡುತ್ತೇನೆ. ಜಾಮ್ ಇಳಿಸಿ ಹತ್ತು ನಿಮಿಷ ಕಾಯುವುದು, ಒಮ್ಮೆ ಮೆಲ್ಲಗೆ ಕಲಕುವುದು, ಬಾಟಲಿ ಬಿಸಿ ಇರುವಾಗಲೇ ತುಂಬುವುದು. ಆ ಹತ್ತು ನಿಮಿಷ ಮುಖ್ಯ: ಕುದಿಕುದಿ ತುಂಬಿದರೆ ಹಣ್ಣೆಲ್ಲ ಮೇಲೆ ತೇಲಿ ತಳದಲ್ಲಿ ಬರೀ ಪಾಕ ನಿಲ್ಲುತ್ತದೆ. ಮುಚ್ಚಿದ ಬಾಟಲಿಗಳನ್ನು ಮತ್ತೆ ಕುದಿನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಡುತ್ತೇನೆ. ಪುಸ್ತಕದಲ್ಲಿ ಹತ್ತು ಎಂದಿದ್ದರೂ ನಮ್ಮ ನೀರಿನ ಬಿಸಿ ಕಡಿಮೆ ಎಂಬುದು ಆಗಲೇ ಹೇಳಿದೆನಲ್ಲ. ರಾತ್ರಿ ಊಟ ಮಾಡುವಾಗ ಮುಚ್ಚಳಗಳು ಒಂದೊಂದಾಗಿ ಟಕ್ ಎಂದು ಒಳಕ್ಕೆ ಎಳೆದುಕೊಳ್ಳುವ ಸದ್ದು ಕೇಳುತ್ತದೆ. ಸದ್ದು ಮಾಡದ ಬಾಟಲಿ ಫ್ರಿಜ್‌ಗೆ, ಆ ವಾರವೇ ದೋಸೆಯ ಜೊತೆ.

ಕತ್ತಲ ಜಾಗದಲ್ಲಿಡಿ, ಬೆಳಕಿಗೆ ಕೆಂಪು ಬೇಗ ಇಳಿಯುತ್ತದೆ. ಹೇಗಿಟ್ಟರೂ ಆರು ತಿಂಗಳಿಗೆ ಮಾಣಿಕ್ಯ ಹೆಂಚಿನ ಬಣ್ಣಕ್ಕೆ ಬರುತ್ತದೆ. ರುಚಿ ಉಳಿದಿರುತ್ತದೆ, ಗಾಬರಿ ಬೇಡ. ತೆರೆದ ಬಾಟಲಿಗೆ ಒದ್ದೆ ಚಮಚ ಹಾಕುವವರನ್ನು ಏನು ಮಾಡಬೇಕೆಂದು ಮಾತ್ರ ಹನ್ನೆರಡು ವರ್ಷವಾದರೂ ನನಗೆ ತಿಳಿದಿಲ್ಲ.

11. ಇದು ಈ ವರ್ಷದ್ದು.

ಸಂಕ್ರಾಂತಿಯ ಮರುದಿನ ಮಂಗನ ಹಿಂಡು ಬಂದು ಪೇರಲೆ ಮರವನ್ನು ಬೋಳಿಸಿ ಹೋಯಿತು. ಮೂರು ಕಿಲೋ ಸ್ಟ್ರಾಬೆರಿ ಆಗಲೇ ಮನೆಗೆ ಬಂದಾಗಿತ್ತು. ಇದ್ದದ್ದು ಹೆರಳೆಕಾಯಿ ನಾಲ್ಕು. ಬೀಜ, ಬಿಳಿ ಸಿಪ್ಪೆ ಎಲ್ಲ ಬಟ್ಟೆಯ ಗಂಟಿನಲ್ಲಿ ಕಟ್ಟಿ ಪಾಕದ ಜೊತೆಗೇ ಕುದಿಸಿದೆ. ಹೆಪ್ಪು ಚೆನ್ನಾಗಿಯೇ ಬಂತು. ಕಹಿಯೂ ಬಂತು, ನಾಲಿಗೆಯ ಹಿಂಬದಿಯಲ್ಲಿ, ಸಿಹಿ ಇಳಿದ ಮೇಲೆ. ಮಕ್ಕಳು ಮುಟ್ಟಲಿಲ್ಲ. ಅತ್ತೆ ಎರಡು ಸಲ ಹಾಕಿಸಿಕೊಂಡರು. ಇಷ್ಟು ವರ್ಷ ನಾನು ಮಾಡಿದ ಜಾಮ್‌ನಲ್ಲಿ ತಿನ್ನುವ ಹಾಗಿರುವುದು ಇದೊಂದೇ ಎಂದರು. ಈ ಸಲವೂ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಎಂಟು ಬಾಟಲಿಗಳಲ್ಲಿ ಅವರ ಪಾಲಿಗೆ ಎರಡನ್ನು ತೆಗೆದಿಟ್ಟು, ಚೀಟಿಯ ಮೇಲೆ "ಕಹಿ" ಎಂದು ಬರೆದು ಅಂಟಿಸಿದ್ದೇನೆ.